ಮುಂಬೈಯಲ್ಲಿ ಹೋಟೆಲ್ ಲೈಸೆನ್ಸ್: ಸ್ವಂತ ಅರ್ಜಿ, ಏಜೆಂಟ್, ಕಂಡಕ್ಟಿಂಗ್, ಹಫ್ತಾ

ಊರಿನಿಂದ ಬಂದು ಮುಂಬೈಯಲ್ಲಿ ಹೋಟೆಲ್ ಹಾಕುವವರ ಮುಂದೆ ಸಾಮಾನ್ಯವಾಗಿ ನಾಲ್ಕು ದಾರಿಗಳಿರುತ್ತವೆ. ಜಾಗ ಹಿಡಿದು ತಮ್ಮ ಹೆಸರಿನಲ್ಲೇ ಎಲ್ಲ ಲೈಸೆನ್ಸಿಗೂ ಅರ್ಜಿ ಹಾಕುವುದು ಒಂದು. ಓಡಾಟವನ್ನೆಲ್ಲ ಏಜೆಂಟನಿಗೆ ಒಪ್ಪಿಸುವುದು ಇನ್ನೊಂದು. ನಡೆಯುತ್ತಿರುವ ಹೋಟೆಲನ್ನು ಮಾಲೀಕರ ಲೈಸೆನ್ಸಿನ ಮೇಲೆ ಕಂಡಕ್ಟಿಂಗಿಗೆ, ಅಂದರೆ ತಿಂಗಳ ಮೊತ್ತ ಕೊಟ್ಟು ನಡೆಸಲು, ತೆಗೆದುಕೊಳ್ಳುವುದು ಮೂರನೆಯದು. ಕಾಗದವೇ ಇಲ್ಲದೆ ತಿಂಗಳ ಲಂಚ, ಅಂದರೆ ಹಫ್ತಾದ ಮೇಲೆ ಶುರು ಮಾಡಿ "ಆಮೇಲೆ ನೋಡೋಣ" ಎನ್ನುವುದು ನಾಲ್ಕನೆಯದು.

ಯಾವ ದಾರಿಯಲ್ಲಿ ಎಷ್ಟು ಕೈಬಿಸಿ ಮಾಡಬೇಕು ಎಂದು ವಿಚಾರಿಸಿ ಆರಿಸುವವರೇ ಹೆಚ್ಚು. ಆದರೆ ಮುಂಬೈ ಮಹಾನಗರಪಾಲಿಕೆಯ (ಬಿಎಂಸಿ) ವಾರ್ಡ್ ಆಫೀಸಿನಿಂದ ಬಂದವರು ದುಡ್ಡು ಕೇಳುವುದು ಬಹುಪಾಲು ಕಣ್ಣಿಗೆ ಕಾಣುವ ಯಾವುದೋ ಕೊರತೆಯನ್ನು ಹಿಡಿದು. ನಕ್ಷೆಯಲ್ಲಿಲ್ಲದ ಅಟ್ಟ, ತಪ್ಪು ಜಾಗಕ್ಕೆ ಬಿಟ್ಟ ಹೊಗೆ ಕೊಳವೆ, ಲೆಕ್ಕಕ್ಕಿಂತ ಹೆಚ್ಚಿನ ಸಿಲಿಂಡರ್, ಹೀಗೆ. ಆ ಕೊರತೆ ಇರುವವರೆಗೆ ನೀವು ಯಾವ ದಾರಿ ಹಿಡಿದರೂ ಕೇಳುವವರು ಬರುತ್ತಲೇ ಇರುತ್ತಾರೆ. ಸಾಹೇಬರು ವರ್ಗವಾದಾಗಲೆಲ್ಲ ಹೊಸ ಲೆಕ್ಕ ಶುರುವಾಗುತ್ತದೆ. ಆದ್ದರಿಂದ ದಾರಿ ಆರಿಸುವ ಮೊದಲು ಜಾಗ ನೋಡಿ.

ಡೆಪಾಸಿಟ್ ಕೊಡುವ ಮೊದಲು

ಮೊದಲು ನೋಡಬೇಕಾದ್ದು ಒಳ ಅಟ್ಟ, ಅಂದರೆ ಇಲ್ಲಿಯವರು ಹೇಳುವ ಪೋಟ್‌ಮಾಳಾ. ಹಳೆಯ ಕಟ್ಟಡಗಳ ಗಾಳಾಗಳಲ್ಲಿ (ಅಂಗಡಿ ಕೋಣೆಗಳಲ್ಲಿ) ಮೇಲೊಂದು ಅಟ್ಟ ಹಾಕಿ, ಅಲ್ಲಿ ಅಕ್ಕಿ ಬೇಳೆ ಇಡುವುದು, ಕೆಲಸದ ಹುಡುಗರನ್ನು ಮಲಗಿಸುವುದು ಎಲ್ಲೆಡೆ ಇದೆ. ಅದು ಮಂಜೂರಾದ ನಕ್ಷೆಯಲ್ಲಿ ಇದೆಯೇ ಎಂದು ನಕ್ಷೆಯ ಪ್ರತಿ ತರಿಸಿ ನೋಡಿ. "ಹಳೇ ಕಾಲದ್ದು, ಯಾರೂ ಕೇಳುವುದಿಲ್ಲ" ಎಂಬ ಮಾತನ್ನು ನಂಬಬೇಡಿ. ವ್ಯಾಪಾರದ ಕಟ್ಟಡಗಳಿಗೆ ಬಿಎಂಸಿ ಹಳೆಯದೆಂದು ವಿನಾಯಿತಿ ಕೊಡುವುದು 1962ರ ಏಪ್ರಿಲ್ 1ಕ್ಕೆ ಮೊದಲು ಇದ್ದವಕ್ಕೆ, ಅದಕ್ಕೂ ಆ ಕಾಲದ ಅಸೆಸ್‌ಮೆಂಟ್ ದಾಖಲೆ ಬೇಕು. ದಾಖಲೆ ಇಲ್ಲದ ಅಟ್ಟ ಇದ್ದರೆ ಅದನ್ನು ತೆಗೆಸಿಯೇ ಕರಾರು ಮಾಡಿ, ಇಲ್ಲವೇ ಆ ಜಾಗ ಬಿಡಿ. ಅಟ್ಟದ ಚದರಡಿಗೂ ಸೇರಿಸಿ ಬಾಡಿಗೆ ಹೇಳಿದ್ದರೆ ಚೌಕಾಸಿಗೆ ಅದೇ ಸರಿಯಾದ ಕಾರಣ.

ಎರಡನೆಯದು ಹೊಗೆ ಕೊಳವೆ. ಅಡುಗೆಮನೆಯ ಹೊಗೆಯನ್ನು ಹಿಂದಿನ ಗಲ್ಲಿಗೆ, ಮೊದಲ ಮಾಳಿಗೆಯ ಕಿಟಕಿಯ ಎತ್ತರಕ್ಕೆ ಬಿಟ್ಟಿದ್ದರೆ ಮೇಲಿನ ಮನೆಯವರು ದೂರು ಕೊಡುವುದು ಖಂಡಿತ. ದೂರು ನೋಟಿಸಾಗುತ್ತದೆ, ನೋಟಿಸು ಹಫ್ತಾ ಆಗುತ್ತದೆ. ಕೊಳವೆ ಕಟ್ಟಡದ ತಾರಸಿಗಿಂತ ಮೇಲಕ್ಕೆ ಹೋಗಬೇಕು. ಅದಕ್ಕೆ ಆ ಕಟ್ಟಡದವರ ಸೊಸೈಟಿಯ ಲಿಖಿತ ಒಪ್ಪಿಗೆ ಬೇಕು. ಮುಂಬೈಯಲ್ಲಿ ಹೋಟೆಲಿಗೆ ಜಾಗ ಸಿಕ್ಕಿಯೂ ಕೆಟ್ಟುಹೋಗುವುದು ಹೆಚ್ಚಾಗಿ ಈ ಒಂದು ಒಪ್ಪಿಗೆಯಲ್ಲಿ. ಸೆಕ್ರೆಟರಿ ಬಾಯಿಮಾತಿನಲ್ಲಿ ಹೂಂ ಎಂದರೆ ಸಾಲದು, ಕಮಿಟಿಯ ಠರಾವಿನ ಪ್ರತಿ ಕೈಗೆ ಬಂದ ಮೇಲೆ ಟೋಕನ್ ದುಡ್ಡು ಕೊಡಿ.

ಗ್ಯಾಸಿನ ಲೆಕ್ಕ ಸರಳ. 2016ರ ಗ್ಯಾಸ್ ಸಿಲಿಂಡರ್ ನಿಯಮಗಳಂತೆ 100 ಕಿಲೋವರೆಗಿನ ಎಲ್‌ಪಿಜಿ ದಾಸ್ತಾನಿಗೆ ಕೇಂದ್ರದ ಸ್ಫೋಟಕ ಇಲಾಖೆಯ ಲೈಸೆನ್ಸ್ ಬೇಡ. ವ್ಯಾಪಾರಿ ಸಿಲಿಂಡರ್ 19 ಕಿಲೋದ್ದು. ಐದು ಇಟ್ಟರೆ 95 ಕಿಲೋ, ಆರನೆಯದು ಬಂದ ಕ್ಷಣಕ್ಕೆ ಗಡಿ ದಾಟಿತು. ಖಾಲಿ-ತುಂಬಿದ ಸಿಲಿಂಡರ್ ಬೇರೆ ಬೇರೆ ಇಡಿ, ತುಂಬಿದ್ದು ಎಷ್ಟು ಎಂದು ಒಂದೇ ನೋಟಕ್ಕೆ ಕಾಣುವಂತಿರಲಿ. ಮನೆಬಳಕೆಯ 14.2 ಕಿಲೋದ ಕೆಂಪು ಸಿಲಿಂಡರ್ ಒಂದೇ ಒಂದು ಸಿಕ್ಕರೂ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ. ದಿನದ ಖರ್ಚಿಗೆ ಐದು ಸಾಲದಿದ್ದರೆ ಆ ಬೀದಿಯಲ್ಲಿ ಮಹಾನಗರ್ ಗ್ಯಾಸಿನ ಪೈಪು ಇದೆಯೇ ಎಂದು ಮೊದಲೇ ವಿಚಾರಿಸಿ.

ನಮ್ಮವರು ಎಡವುವ ಇನ್ನೊಂದು ಜಾಗ ಬೋರ್ಡು. ಮಹಾರಾಷ್ಟ್ರದ ಅಂಗಡಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯಂತೆ ಎಷ್ಟೇ ಸಣ್ಣ ಅಂಗಡಿಯಾದರೂ ಹೆಸರು ದೇವನಾಗರಿ ಲಿಪಿಯ ಮರಾಠಿಯಲ್ಲಿರಬೇಕು, ಬೇರೆ ಭಾಷೆಯ ಅಕ್ಷರ ಅದಕ್ಕಿಂತ ದೊಡ್ಡದಾಗಿರಬಾರದು. 2023ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ಅಂಗಡಿಯವರಿಗೆ ಎರಡು ತಿಂಗಳ ಗಡುವು ಕೊಟ್ಟ ಮೇಲೆ ತಪಾಸಣೆ ಬಿಗಿಯಾಯಿತು. ಕನ್ನಡದಲ್ಲೂ ಹೆಸರು ಬರೆಸಲು ಅಡ್ಡಿಯಿಲ್ಲ, ಮರಾಠಿಯ ನಂತರ, ಅದೇ ಗಾತ್ರದಲ್ಲಿ ಅಥವಾ ಸಣ್ಣದಾಗಿ ಬರೆಸಿ.

ಫುಟ್‌ಪಾತಿಗೆ ಚಾಚಿದ ಓಟಾ (ಜಗಲಿ), ಹೊರಗಿಟ್ಟ ಎರಡು ಮೇಜು, ಅನುಮತಿಯಿಲ್ಲದೆ ಕಟ್ಟಿದ ಮಳೆಗಾಲದ ತಾಡಪತ್ರಿ ಇವೂ ಅದೇ ಸಾಲಿನವು. ಆ ಎರಡು ಮೇಜಿನಿಂದ ಬರುವ ಗಿರಾಕಿಯ ದುಡ್ಡು, ಅದಕ್ಕಾಗಿ ಹೋಗುವ ಹಫ್ತಾ, ಎರಡನ್ನೂ ಒಂದು ತಿಂಗಳು ಬರೆದಿಟ್ಟು ನೋಡಿ.

ಸ್ವಂತ ಅರ್ಜಿ

ಜಾಗ ಸ್ವಚ್ಛವಾಗಿದ್ದರೆ ಇದೇ ಒಳ್ಳೆಯ ದಾರಿ. ಇಪ್ಪತ್ತು ವರ್ಷದ ಹಿಂದೆ ಎಲ್ಲದಕ್ಕೂ ಕಿಟಕಿಯ ಮುಂದೆ ನಿಲ್ಲಬೇಕಿತ್ತು, ಈಗ ಮುಖ್ಯವಾದವು ಆನ್‌ಲೈನಿನಲ್ಲೇ ಶುರುವಾಗುತ್ತವೆ.

ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ಲೈಸೆನ್ಸಿಗೆ ಫಾಸ್ಕಾಸ್ ಎಂಬ ಪೋರ್ಟಲ್ ಇದೆ. ಅಡುಗೆಮನೆಯ ನಕ್ಷೆ, ಯಂತ್ರಗಳ ಪಟ್ಟಿ, ಜಾಗದ ಹಕ್ಕಿನ ಕಾಗದ, ಗುರುತಿನ ಚೀಟಿ, ನೀರಿನ ಪರೀಕ್ಷೆಯ ವರದಿ ಇಷ್ಟನ್ನು ಮೊದಲೇ ಸ್ಕ್ಯಾನ್ ಮಾಡಿಟ್ಟುಕೊಳ್ಳಿ. ಆಹಾರ ಸುರಕ್ಷತಾ ಕಾಯ್ದೆಯಲ್ಲೇ ಒಂದು ಮಾತಿದೆ: ಅರ್ಜಿ ಹಾಕಿ ಎರಡು ತಿಂಗಳಲ್ಲಿ ಲೈಸೆನ್ಸ್ ಕೊಡದಿದ್ದರೆ, ತಿರಸ್ಕರಿಸಿಯೂ ಇಲ್ಲದಿದ್ದರೆ, ಅರ್ಜಿದಾರ ವ್ಯಾಪಾರ ಶುರು ಮಾಡಬಹುದು. ಇದು ಗೊತ್ತಿರುವವರ ಹತ್ತಿರ "ಫೈಲು ಮೇಜಿನ ಮೇಲೇ ಇದೆ" ಎಂದು ಎಳೆದಾಡುವುದು ಕಷ್ಟ. ಆದರೆ ಆಫೀಸಿನಿಂದ ತಕರಾರು ಬಂದು, ನೀವು ಹೇಳಿದ ಅವಧಿಯೊಳಗೆ ಉತ್ತರ ಕೊಡದಿದ್ದರೆ ಅರ್ಜಿಯೇ ಬಿದ್ದುಹೋಗುತ್ತದೆ. ಫೀ ಕಟ್ಟಿ ಮರೆತು ಕೂರುವವರ ಅರ್ಜಿ ಹೋಗುವುದು ಹೀಗೆಯೇ. ವಾರಕ್ಕೆರಡು ಸಲ ಪೋರ್ಟಲ್ ತೆರೆದು ನೋಡಿ. ಲೈಸೆನ್ಸ್ ಬಂದ ಮೇಲೆ ಅದರ 14 ಅಂಕಿಯ ಸಂಖ್ಯೆ ಬಿಲ್ಲಿನ ಮೇಲೆ ಇರಬೇಕು. 2022ರ ಜನವರಿ 1ರಿಂದ ಇದು ಕಡ್ಡಾಯ. ಬಿಲ್ ಮೆಷಿನಿಗೆ ಮೊದಲ ದಿನವೇ ಹಾಕಿಸದಿದ್ದರೆ ಅದೂ ಒಂದು ನೆಪ.

ಬಿಎಂಸಿಯ ಹೆಲ್ತ್ ಲೈಸೆನ್ಸ್ 1888ರ ಮುಂಬೈ ಮಹಾನಗರಪಾಲಿಕೆ ಕಾಯ್ದೆಯ 394ನೇ ಕಲಮಿನ ಕೆಳಗೆ ಬರುತ್ತದೆ, ವಾರ್ಡಿನ ಆರೋಗ್ಯ ಅಧಿಕಾರಿಯ ಕಡೆಯಿಂದ. ಮಾಟುಂಗಾ ಆದರೆ ಎಫ್ ನಾರ್ತ್, ಘಾಟ್‌ಕೋಪರ್ ಆದರೆ ಎನ್, ಮುಲುಂಡ್ ಆದರೆ ಟಿ ವಾರ್ಡ್. ವಾಶಿ, ಠಾಣೆ, ಪುಣೆಗಳಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ, ಅಲ್ಲಿನ ಪಾಲಿಕೆಗಳು ನಡೆಯುವುದು 1949ರ ಬೇರೆ ಕಾಯ್ದೆಯಂತೆ. ಅಲ್ಲಿಯ ನೆಂಟರು ಹೇಳಿದ ಕ್ರಮವನ್ನು ಇಲ್ಲಿ ಹಿಡಿದರೆ ದಾರಿ ತಪ್ಪುತ್ತೀರಿ. ಗುಮಾಸ್ತಾ ಎಂದು ಎಲ್ಲರೂ ಕರೆಯುವ ಅಂಗಡಿ ನೋಂದಣಿ ಈಗ 2017ರ ಕಾಯ್ದೆಯಂತೆ ನಡೆಯುತ್ತದೆ. ಸಣ್ಣ ಅಂಗಡಿಗೆ ಆನ್‌ಲೈನ್ ಮಾಹಿತಿ ಕೊಟ್ಟರೆ ಸಾಕು, ಇದಕ್ಕೆ ಯಾರಿಗೂ ದುಡ್ಡು ಕೊಡಬೇಡಿ.

ಅರ್ಜಿ ತಡೆಯುವುದು ಹೆಚ್ಚಾಗಿ ಹೆಸರು-ವಿಳಾಸದ ಗೊಂದಲ. ಲೈಟ್ ಬಿಲ್ಲಿನಲ್ಲಿ "ಶಾಪ್ ನಂ. 3", ಪ್ರಾಪರ್ಟಿ ಟ್ಯಾಕ್ಸಿನಲ್ಲಿ "ಗಾಳಾ 3ಎ", ಕರಾರಿನಲ್ಲಿ ಬರೀ ಬಿಲ್ಡಿಂಗಿನ ಹೆಸರು ಎಂದಿದ್ದರೆ ಪ್ರತಿ ಆಫೀಸೂ ಒಂದೊಂದು ತಕರಾರು ಹಾಕುತ್ತದೆ. ಎಲ್ಲ ಕಾಗದವನ್ನೂ ಒಂದೇ ಮೇಜಿನ ಮೇಲೆ ಹರಡಿ, ಅಕ್ಷರ ಅಕ್ಷರ ತಾಳೆ ನೋಡಿ, ಲೈಟ್ ಬಿಲ್ಲನ್ನು ಮೊದಲು ತಿದ್ದಿಸಿ. ಉಳಿದದ್ದನ್ನು ಅದಕ್ಕೆ ಹೊಂದಿಸುವುದು ಸುಲಭ.

ಕೈಯಾರೆ ಕೊಡುವ ಯಾವ ಕಾಗದವಾದರೂ ಆವಕ್-ಜಾವಕ್ (ಬಂದ-ಹೋದ ಕಾಗದ ದಾಖಲಿಸುವ) ವಿಭಾಗದಲ್ಲೇ ಕೊಟ್ಟು, ನಿಮ್ಮ ಪ್ರತಿಯ ಮೇಲೆ ತಲುಪಿದ ಗುರುತಿಗೆ ಪೋಚ್ ಸಿಕ್ಕಾ ಹಾಕಿಸಿಕೊಳ್ಳಿ. ತಾರೀಖು, ನಂಬರು ಎರಡೂ ಇರಬೇಕು. ನೇರ ಸಾಹೇಬರ ಕೈಗೆ ಕೊಟ್ಟ ಕಾಗದಕ್ಕೆ ತಾರೀಖು ಇರುವುದಿಲ್ಲ, ತಾರೀಖಿಲ್ಲದೆ ಮೇಲ್ಮನವಿ ಇಲ್ಲ. ಮಹಾರಾಷ್ಟ್ರದ 2015ರ ಲೋಕಸೇವಾ ಹಕ್ಕಿನ ಕಾಯ್ದೆಯಂತೆ ಅಧಿಸೂಚಿತ ಸೇವೆಗಳಿಗೆ ಗಡುವು ಇದೆ. ಗಡುವು ಮೀರಿದರೆ 30 ದಿನದೊಳಗೆ ಮೊದಲ ಮೇಲ್ಮನವಿ, ಆಮೇಲೆ ಎರಡನೆಯದು, ಕೊನೆಗೆ ಆಯೋಗ. ತಪ್ಪಿತಸ್ಥ ಅಧಿಕಾರಿಗೆ ದಂಡ 500ರಿಂದ 5,000 ರೂಪಾಯಿ. ಮೊತ್ತ ಸಣ್ಣದಾದರೂ ಅದು ಸ್ವಂತ ಜೇಬಿನಿಂದ, ದಾಖಲೆಯಲ್ಲಿ ಹೋಗುವ ದುಡ್ಡು. ಮೇಲ್ಮನವಿಯ ಒಂದು ಪುಟ ಎಷ್ಟೋ ಫೈಲನ್ನು ಅಲುಗಿಸುತ್ತದೆ.

ಏಜೆಂಟ್

ಏಜೆಂಟ್ ಇಡುವುದು ತಪ್ಪಲ್ಲ. ಮರಾಠಿಯಲ್ಲಿ ಅರ್ಜಿ ಬರೆಯಲು ಬಾರದವರಿಗೆ, ಬೆಳಿಗ್ಗೆ ಐದಕ್ಕೆ ಭಟ್ಟಿ ಹಚ್ಚಿ ರಾತ್ರಿ ಹನ್ನೊಂದಕ್ಕೆ ಗಲ್ಲಾ ಮುಚ್ಚುವವರಿಗೆ ಓಡಾಡಲು ಒಬ್ಬರು ಬೇಕು. ನಕ್ಷೆಗೆ ಆರ್ಕಿಟೆಕ್ಟ್, ಬೆಂಕಿಯ ಕೆಲಸಕ್ಕೆ ಲೈಸೆನ್ಸ್ ಪಡೆದ ಏಜೆನ್ಸಿ ಬೇಕೇ ಬೇಕು. ನೋಡಬೇಕಾದ್ದು ಆತ ಕೊಡುವ ಕೊಟೇಶನ್ ಚೀಟಿಯನ್ನು.

ಚೀಟಿಯಲ್ಲಿ ಸಾಮಾನ್ಯವಾಗಿ ಮೂರು ಸಾಲು: ಸರ್ಕಾರಿ ಫೀ, ಸರ್ವಿಸ್ ಚಾರ್ಜ್, "ಇತರೆ". ಮೊದಲೆರಡಕ್ಕಿಂತ ಮೂರನೆಯದೇ ದೊಡ್ಡದು. ಅದೇನು ಎಂದು ಕೇಳಿದರೆ, "ಅಣ್ಣ, ಅದು ಮೇಲಿನ ಖರ್ಚು, ಅದಕ್ಕೆ ರಶೀದಿ ಸಿಗುವುದಿಲ್ಲ" ಎನ್ನುತ್ತಾನೆ. ಅಲ್ಲಿಗೆ ಮಾತು ಮುಗಿಸಿ. ಏಜೆಂಟನ ಕೈಯಿಂದ ಕೊಡಿಸಿದರೂ ಲಂಚ ಕೊಟ್ಟವರು ನೀವೇ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ಬಂದ ತಿದ್ದುಪಡಿಯ ನಂತರ ಕೊಡುವವರಿಗೆ 7 ವರ್ಷದವರೆಗೆ ಜೈಲು ಇದೆ, ಅಧಿಕಾರಿಯ ಮೇಲೆ ಪ್ರಭಾವ ಬೀರುತ್ತೇನೆಂದು ದುಡ್ಡು ತೆಗೆದುಕೊಳ್ಳುವ ಮಧ್ಯವರ್ತಿಗೆ 3ರಿಂದ 7 ವರ್ಷ. ಆ ದುಡ್ಡು ನಿಜವಾಗಿ ಆಫೀಸಿಗೆ ತಲುಪಿತೋ ಏಜೆಂಟನ ಜೇಬಿನಲ್ಲೇ ಉಳಿಯಿತೋ ನಿಮಗೆ ತಿಳಿಯುವ ದಾರಿಯೂ ಇಲ್ಲ. ಆದಾಯ ತೆರಿಗೆಯವರು ಅದನ್ನು ಖರ್ಚೆಂದು ಒಪ್ಪುವುದಿಲ್ಲ, ಆದ್ದರಿಂದ ಆ ಮೊತ್ತದ ಮೇಲೆ ತೆರಿಗೆಯೂ ನಿಮ್ಮದೇ.

ಒಳ್ಳೆಯ ಏಜೆಂಟನ ಜತೆ ಕರಾರು ಹೀಗಿರಲಿ: ಸರ್ಕಾರಿ ಫೀ ನಿಮ್ಮ ಖಾತೆಯಿಂದ ನೇರ ಪೋರ್ಟಲಿಗೆ. ಲಾಗಿನ್ ನಿಮ್ಮ ಮೊಬೈಲ್ ಮತ್ತು ನಿಮ್ಮ ಮೇಲ್ ಮೇಲೆ. ಸರ್ವಿಸ್ ಚಾರ್ಜಿಗೆ ಬಿಲ್ಲು, ಕಂತು ಕಂತಾಗಿ. ಲಾಗಿನ್ ಏಜೆಂಟನ ನಂಬರಿನ ಮೇಲೆ ಇದ್ದರೆ ಮುಂದಿನ ನವೀಕರಣಕ್ಕೆ ಆತ ಹೇಳಿದ್ದೇ ರೇಟು. ನಮ್ಮ ಎಷ್ಟೋ ಹೋಟೆಲಿನವರು ವರ್ಷ ವರ್ಷ ಒಬ್ಬನಿಗೇ ಸಿಕ್ಕಿಬಿದ್ದಿರುವುದು ಈ ಒಂದೇ ಕಾರಣಕ್ಕೆ.

ಬೆಂಕಿಯ ವಿಷಯದಲ್ಲಿ ಮಾತ್ರ ಕಾಗದ ಕೊಂಡುಕೊಳ್ಳುವ ಯೋಚನೆಯೇ ಬೇಡ. ಮಹಾರಾಷ್ಟ್ರದ 2006ರ ಅಗ್ನಿ ತಡೆ ಕಾಯ್ದೆಯಂತೆ ವರ್ಷಕ್ಕೆರಡು ಸಲ, ಜನವರಿ ಮತ್ತು ಜುಲೈಯಲ್ಲಿ, ಬೆಂಕಿ ತಡೆಯುವ ಸಾಧನಗಳು ಸುಸ್ಥಿತಿಯಲ್ಲಿವೆ ಎಂದು ಲೈಸೆನ್ಸ್ ಪಡೆದ ಏಜೆನ್ಸಿಯಿಂದ ಫಾರ್ಮ್ ಬಿ ಕೊಡಿಸಬೇಕು. ಹೋಟೆಲಿಗೆ ಕಾಲಿಡದೆಯೇ ಫಾರ್ಮ್ ಬರೆದುಕೊಡುವವರಿದ್ದಾರೆ. ಅಂಥವರು ಬೇಡ. ಏಜೆನ್ಸಿಯವನು ಬಂದು ಬೆಂಕಿ ಆರಿಸುವ ಪ್ರತಿ ಸಿಲಿಂಡರಿನ ಒತ್ತಡ ನೋಡಲಿ, ಅಡುಗೆಯವರಿಗೆ ಒಮ್ಮೆ ಊದಿಸಿ ತೋರಿಸಲಿ, ಹಿಂಬಾಗಿಲು ತೆರೆಯುತ್ತದೆಯೇ ಎಂದು ನೋಡಲಿ. 2017ರ ಡಿಸೆಂಬರ್ 29ರ ಮಧ್ಯರಾತ್ರಿ ಲೋವರ್ ಪರೇಲಿನ ಕಮಲಾ ಮಿಲ್ಸ್ ಆವರಣದ ಪಬ್ಬುಗಳಿಗೆ ಬೆಂಕಿ ಬಿದ್ದು 14 ಜನ ಸತ್ತರು. ಆ ಪ್ರಕರಣದಲ್ಲಿ ಮಾಲೀಕರ ಜತೆ ಅಗ್ನಿಶಾಮಕ ಠಾಣೆಯ ಅಧಿಕಾರಿಯೂ ಬಂಧನವಾದರು. ಮೇಲಿನ ಅಟ್ಟದಲ್ಲಿ ಊರಿನ ಹುಡುಗರು ಮಲಗಿರುವ ಹೋಟೆಲಿನಲ್ಲಿ ಸುಳ್ಳು ಫಾರ್ಮು ಇಟ್ಟುಕೊಳ್ಳುವುದು ಲೆಕ್ಕಾಚಾರದ ವಿಷಯವೇ ಅಲ್ಲ.

ಕಂಡಕ್ಟಿಂಗ್

ಕೈಯಲ್ಲಿ ಬಂಡವಾಳ ಕಡಿಮೆ, ಕೆಲಸ ಗೊತ್ತು, ಹೆಸರಿರುವ ಜಾಗ ಬೇಕು ಎನ್ನುವವರು ಈ ದಾರಿ ಹಿಡಿಯುತ್ತಾರೆ. ಮುಂಬೈಯ ಎಷ್ಟೋ ಶೆಟ್ಟರು, ಪೂಜಾರಿಗಳು, ಭಟ್ಟರು ಬೆಳೆದದ್ದು ಹೀಗೆ. ಲೈಸೆನ್ಸ್ ಇದೆ, ಅಡುಗೆಮನೆ ಇದೆ, ಗಿರಾಕಿ ಇದ್ದಾರೆ. ಡೆಪಾಸಿಟ್ ಕೊಟ್ಟು ತಿಂಗಳ ರಾಯಲ್ಟಿ ಕಟ್ಟುತ್ತ ನಡೆಸಿದರಾಯಿತು. ಎರಡು ಮೂರು ವರ್ಷ ಕೆಲಸ ಕಲಿತು ದುಡ್ಡು ಕೂಡಿಸಿ ಸ್ವಂತ ಜಾಗಕ್ಕೆ ಹೋಗುವ ಮೆಟ್ಟಿಲಾಗಿ ಇದು ಒಳ್ಳೆಯದೇ. ಅಪಾಯ ಇರುವುದು ಕಾಗದದಲ್ಲಿ.

ಮೊದಲ ಪ್ರಶ್ನೆ, ಕೊಡುತ್ತಿರುವವರು ಜಾಗದ ಒಡೆಯರೋ, ಪಗಡಿ (ಮೊದಲೇ ದೊಡ್ಡ ಮೊತ್ತ ಕೊಟ್ಟು ಹಿಡಿದ) ಬಾಡಿಗೆದಾರರೋ? ಬಾಡಿಗೆ ರಶೀದಿ ತೋರಿಸಿ ಎನ್ನಿ. ಪಗಡಿಯಾಗಿದ್ದರೆ ಕಟ್ಟಡದ ಒಡೆಯರ ಲಿಖಿತ ಒಪ್ಪಿಗೆಯಿಲ್ಲದೆ ಮುಂದುವರಿಯಬೇಡಿ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 16ನೇ ಕಲಮಿನಂತೆ ಅಕ್ರಮ ಒಳಬಾಡಿಗೆ ತೆರವಿಗೆ ಕಾರಣ. ಕರಾರಿಗೆ ಕಂಡಕ್ಟಿಂಗ್ ಎಂದು ಹೆಸರಿಟ್ಟರೂ, ಬೀಗದ ಕೈ ಪೂರ್ತಿ ನಿಮ್ಮ ಹತ್ತಿರ, ಮೂಲ ಬಾಡಿಗೆದಾರನಿಗೆ ಬರೀ ತಿಂಗಳ ಮೊತ್ತ ಎಂದಿದ್ದರೆ ಕೋರ್ಟು ಅದನ್ನು ಒಳಬಾಡಿಗೆ ಎಂದೇ ನೋಡಬಹುದು. ಆಗ ಆತನ ಜತೆ ನೀವೂ ಹೊರಗೆ.

ಎರಡನೆಯದು ನೋಂದಣಿ. ನೋಟರಿ ಸಿಕ್ಕಾ ಬಿದ್ದ ಕಾಗದ ನೋಂದಾಯಿತ ಕಾಗದವಲ್ಲ. ಜಾಗಕ್ಕೆ ಲೀವ್ ಅಂಡ್ ಲೈಸೆನ್ಸ್ (ಇಷ್ಟು ಅವಧಿಗೆ ಬಳಸಲು ಕೊಡುವ ಕರಾರು) ಮಾಡುವುದಾದರೆ ಅದೇ ಕಾಯ್ದೆಯ 55ನೇ ಕಲಮಿನಂತೆ ನೋಂದಣಿ ಕಡ್ಡಾಯ, ಮಾಡಿಸುವ ಹೊಣೆ ಒಡೆಯರದು. ಖರ್ಚು ಹೆಚ್ಚೇನಿಲ್ಲ. ತಿಂಗಳಿಗೆ 1 ಲಕ್ಷ, 36 ತಿಂಗಳು, 10 ಲಕ್ಷ ವಾಪಸು ಡೆಪಾಸಿಟ್ ಎಂದುಕೊಳ್ಳಿ. ಬಾಡಿಗೆ 36 ಲಕ್ಷ, ಡೆಪಾಸಿಟ್ಟಿನ ಮೇಲೆ ವರ್ಷಕ್ಕೆ 10% ಲೆಕ್ಕದಲ್ಲಿ 3 ಲಕ್ಷ, ಒಟ್ಟು 39 ಲಕ್ಷದ 0.25%, ಅಂದರೆ 9,750 ರೂಪಾಯಿ ಸ್ಟ್ಯಾಂಪು. ನೋಂದಣಿ ಫೀ 1,000. ಹತ್ತು ಲಕ್ಷದ ಡೆಪಾಸಿಟ್ಟನ್ನು ಕಾಪಾಡಲು ಇದಕ್ಕಿಂತ ಅಗ್ಗದ ದಾರಿ ಇಲ್ಲ.

ಡೆಪಾಸಿಟ್ಟು ಬ್ಯಾಂಕಿನಿಂದಲೇ ಹೋಗಬೇಕು. "ಅರ್ಧ ಬಿಳಿ, ಅರ್ಧ ನಗದು" ಎಂದರೆ ಆ ನಗದಿನ ಅರ್ಧವನ್ನು ವಾಪಸು ಕೇಳಲು ನಿಮ್ಮ ಬಳಿ ಏನೂ ಇರುವುದಿಲ್ಲ. 2 ಲಕ್ಷ ಅಥವಾ ಹೆಚ್ಚಿನ ನಗದು ಪಡೆದವರಿಗೆ ಅಷ್ಟೇ ಮೊತ್ತದ ದಂಡ ಹಾಕಲು ಆದಾಯ ತೆರಿಗೆ ಕಾಯ್ದೆಯಲ್ಲಿ ಅವಕಾಶವಿದೆ. ಮಾಲೀಕರಿಗೆ ಇದನ್ನು ವಿನಯದಿಂದಲೇ ಹೇಳಿ.

ರಾಯಲ್ಟಿಯ ಮೇಲಿನ ಜಿಎಸ್‌ಟಿಯನ್ನು ಮರೆಯುವವರು ಬಹಳ. ಮಾಲೀಕರು ನೋಂದಾಯಿತರಾಗಿದ್ದರೆ 18% ಸೇರುತ್ತದೆ. ನೀವು ಗಿರಾಕಿಯಿಂದ ವಸೂಲು ಮಾಡುವುದು 5%, ಆ ದರದಲ್ಲಿ ಇನ್‌ಪುಟ್ ಕ್ರೆಡಿಟ್ ಇಲ್ಲ. ಆದ್ದರಿಂದ ಲಕ್ಷ ರೂಪಾಯಿ ರಾಯಲ್ಟಿ ಎಂದರೆ ನಿಮ್ಮ ಖರ್ಚು 1,18,000.

ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಮಾಲೀಕರ ಹೆಸರಿನಲ್ಲೇ ಸಾಗಲಿ ಎನ್ನುವುದಕ್ಕೆ ಒಪ್ಪಬೇಡಿ. ಅದನ್ನು ಇನ್ನೊಬ್ಬರಿಗೆ ವರ್ಗಾಯಿಸಲು ಬರುವುದಿಲ್ಲ, ಲೈಸೆನ್ಸುದಾರರು ತೀರಿಕೊಂಡರೆ ವಾರಸುದಾರರಿಗೆ ಮಾತ್ರ ಹೋಗುತ್ತದೆ. ಗೋಡೆಯ ಮೇಲೆ ಒಂದು ಹೆಸರು, ಬಿಲ್ಲಿನ ಮೇಲೆ ಇನ್ನೊಂದು ಹೆಸರು ಕಂಡ ತಕ್ಷಣ ತಪಾಸಣೆಗೆ ಬಂದವರಿಗೆ ಬೇರೇನೂ ಹುಡುಕಬೇಕಾಗಿಲ್ಲ. ನಿಮ್ಮದೇ ಹೆಸರಿನ ಎಫ್‌ಎಸ್‌ಎಸ್‌ಎಐ, ನಿಮ್ಮದೇ ಜಿಎಸ್‌ಟಿ, ಮಾಲೀಕರ ಒಪ್ಪಿಗೆ ಪತ್ರ ಈ ಮೂರೂ ಇರಲಿ. ಹಳೆಯ ನೋಟಿಸು, ನೀರಿನ ಬಾಕಿ, ಪ್ರಾಪರ್ಟಿ ಟ್ಯಾಕ್ಸ್ ಬಾಕಿ ಯಾರ ಹೊಣೆ ಎಂದು ಕರಾರಿನಲ್ಲಿ ಬರೆಸಿ, ಹೆಲ್ತ್ ಲೈಸೆನ್ಸ್ ನವೀಕರಿಸುವ ತಾರೀಖನ್ನೂ ಬರೆಸಿ.

ಬೀಗದ ಕೈ ಕೊಡುವ ದಿನ ಹಿರಿಯ ಮಾಲೀಕರು ಒಂದು ಪಟ್ಟಿಯನ್ನೂ ಹೇಳುತ್ತಾರೆ: "ತಮ್ಮಾ, ತಿಂಗಳಿಗೆ ಇವರಿಗೆ ಇಷ್ಟು, ಅವರಿಗೆ ಇಷ್ಟು, ದೀಪಾವಳಿಗೆ ಬೇರೆ." ಆ ಪಟ್ಟಿ ಬರೆದುಕೊಳ್ಳಿ, ಒಂದೊಂದರ ಮುಂದೆ ಯಾತಕ್ಕೆ ಎಂದು ಕೇಳಿ ಬರೆಯಿರಿ. ಇದು ಅಟ್ಟಕ್ಕೆ, ಇದು ಹೊರಗಿನ ಮೇಜಿಗೆ, ಇದು ರಾತ್ರಿ ಹೊತ್ತು ಮೀರಿ ತೆರೆದಿಡುವುದಕ್ಕೆ ಎಂದು ಉತ್ತರ ಬರುತ್ತದೆ. ಜಾಗದ ಎಲ್ಲ ಕೊರತೆಗಳೂ ಅಲ್ಲಿಗೆ ಒಂದೇ ಹಾಳೆಯಲ್ಲಿ ಸಿಕ್ಕವು. ಸರಿಪಡಿಸುವ ಖರ್ಚನ್ನು ಡೆಪಾಸಿಟ್ಟಿನಲ್ಲಿ ಕಳೆಯಲು ಕೇಳಿ. ಒಪ್ಪದಿದ್ದರೆ ಬೇರೆ ಹೋಟೆಲ್ ನೋಡಿ.

ಹಫ್ತಾದ ಮೇಲೆ

ಬಾಯಿಮಾತಿನ ಹಫ್ತಾಕ್ಕೆ ರಶೀದಿ ಇಲ್ಲ, ಅವಧಿ ಇಲ್ಲ, ತೆಗೆದುಕೊಂಡವರು ನಾಳೆ ಇರುವ ಖಾತರಿಯೂ ಇಲ್ಲ. ಲೈಸೆನ್ಸ್ ಇಲ್ಲದ ಹೋಟೆಲಿಗೆ ಇನ್ಶೂರೆನ್ಸ್ ಕ್ಲೇಮ್ ನಿಲ್ಲುವುದು ಕಷ್ಟ, ಬ್ಯಾಂಕು ಸಾಲ ಕೊಡುವುದಿಲ್ಲ, ಮನೆಗೆ ತಲುಪಿಸುವ ಆ್ಯಪ್‌ಗಳು ಎಫ್‌ಎಸ್‌ಎಸ್‌ಎಐ ನಂಬರ್ ಇಲ್ಲದೆ ಸೇರಿಸಿಕೊಳ್ಳುವುದಿಲ್ಲ. ಗಾಡಿ ಇಟ್ಟು ಇಡ್ಲಿ ಮಾರುವವರ ಕಷ್ಟ ಬೇರೆ ಬಗೆಯದು. ಅವರಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ರಕ್ಷಣೆ ಇದೆ, ಪಾಲಿಕೆಯ ಸಮೀಕ್ಷೆಯಲ್ಲಿ ಹೆಸರು ಬರೆಸುವುದು ಅವರ ಮೊದಲ ಕೆಲಸ. ನಾಲ್ಕು ಗೋಡೆಯ ಹೋಟೆಲಿಗೆ ಈ ದಾರಿ ಬೇಡವೇ ಬೇಡ.

ದುಡ್ಡು ಕೇಳಿದರೆ

ಎಲ್ಲ ಸರಿಯಿದ್ದೂ ಕೇಳುವವರಿದ್ದಾರೆ. ಆಗ ಇಲ್ಲ ಎನ್ನಬೇಡಿ, ಹೂಂ ಎಂದೂ ಹೇಳಬೇಡಿ. "ಪಾರ್ಟ್ನರ್ ಹತ್ತಿರ ಕೇಳಿ ಹೇಳುತ್ತೇನೆ, ಸಾಹೇಬ್" ಎನ್ನಿ. ಮಾತು ಫೋನಿನಲ್ಲಿ ಬಂದಿದ್ದರೆ ರೆಕಾರ್ಡಿಂಗ್ ಅಳಿಸಬೇಡಿ, ಕತ್ತರಿಸಬೇಡಿ, ಮೂಲ ಫೋನನ್ನೇ ಇಟ್ಟುಕೊಳ್ಳಿ. ಮಹಾರಾಷ್ಟ್ರದ ಭ್ರಷ್ಟಾಚಾರ ನಿಗ್ರಹ ದಳದ ನಂಬರ್ 1064, ಕರೆ ಉಚಿತ.

ಅಲ್ಲಿ ಮೊದಲು ದೂರು ಬರೆಸಿಕೊಳ್ಳುತ್ತಾರೆ, ಆಮೇಲೆ ಬೇಡಿಕೆ ನಿಜವೇ ಎಂದು ಸಾಕ್ಷಿಗಳಾದ ಪಂಚರ ಎದುರು ರೆಕಾರ್ಡರ್ ಇಟ್ಟು ಪರೀಕ್ಷಿಸುತ್ತಾರೆ. ಪಂಚರು ಬೇರೆ ಸರ್ಕಾರಿ ಆಫೀಸಿನವರು. ನಂತರ ನೀವು ತಂದ ನೋಟುಗಳ ನಂಬರ್ ಬರೆದುಕೊಂಡು, ಮುಟ್ಟಿದವರ ಕೈಗೆ ಅಂಟುವ ಪುಡಿ ಹಚ್ಚುತ್ತಾರೆ. ಕೇಳುವ ಮೊದಲು ನೋಟು ಕೊಡಬಾರದು, ಕೈ ಕುಲುಕಬಾರದು, ನೋಟನ್ನು ಸುಮ್ಮನೆ ಮೇಜಿನ ಮೇಲೆ ಇಟ್ಟು ಬರಬಾರದು. ಬೇಡಿಕೆ ಮತ್ತು ಸ್ವೀಕಾರ ಎರಡೂ ಸಾಬೀತಾಗಬೇಕು, ಪ್ರಕರಣಗಳು ಬೀಳುವುದು ಹೆಚ್ಚಾಗಿ ಬೇಡಿಕೆಯ ಸಾಕ್ಷ್ಯ ಸಾಲದೆ. ಹೀಗೆ ಮೊದಲೇ ತಿಳಿಸಿ ಕೊಟ್ಟ ದುಡ್ಡಿಗೆ ಕೊಟ್ಟವರ ಮೇಲೆ ಅಪರಾಧ ಹೊರಿಸಲು ಬರುವುದಿಲ್ಲ. ಒತ್ತಾಯಕ್ಕೆ ಕೊಟ್ಟಾಗಿದ್ದರೂ 7 ದಿನದೊಳಗೆ ದೂರು ಕೊಟ್ಟರೆ ಕಾನೂನಿನ ರಕ್ಷಣೆ ಇದೆ. ಎಂಟನೆಯ ದಿನ ಅದು ಇಲ್ಲ.

ಹೀಗೆ ಹಿಡಿದು ಟ್ರ್ಯಾಪ್ ಆದ ಮೇಲೆ ನಿಮ್ಮ ಫೈಲು ಅದೇ ಆಫೀಸಿನಲ್ಲಿ ಉಳಿಯುತ್ತದೆ, ಮುಟ್ಟಲು ಯಾರಿಗೂ ಮನಸ್ಸಿರುವುದಿಲ್ಲ. ಲೋಕಸೇವಾ ಮೇಲ್ಮನವಿಯನ್ನು ಅದೇ ವಾರ ಹಾಕಿ. ಜತೆಗೆ 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಫೈಲಿನ ದಿನದಿನದ ಚಲನೆಯ ಪ್ರತಿ ಕೇಳಿ, ಉತ್ತರಕ್ಕೆ 30 ದಿನದ ಗಡುವು ಇದೆ. ಹೋಟೆಲಿನವರ ಆಹಾರ್ ಸಂಘಟನೆಯ ಸದಸ್ಯರಾಗಿದ್ದರೆ ಎರಡರ ಪ್ರತಿಯನ್ನೂ ಅವರಿಗೆ ಕೊಟ್ಟಿರಿ, ಮುಂದಿನ ತಪಾಸಣೆಗೆ ಬಂದವರ ಹೆಸರು, ಹುದ್ದೆ, ತಾರೀಖು ಬರೆಯಲು ಗಲ್ಲಾದ ಪಕ್ಕದಲ್ಲೇ ಒಂದು ವಿಸಿಟ್ ಬುಕ್ ಇಡಿ.